ಸ್ವಂತ ಅಕ್ಕ ಹೌದೋ ಅಲ್ಲವೋ

“ಸ್ವಂತ ಅಕ್ಕನಾ ಅಂತ ನೀವು ಕೇಳಿದ್ರಿ, ನಾನು ಹೌದು ಅಂದೆ. ಅದರಲ್ಲಿ ನಂದೇನು ತಪ್ಪು ಹೇಳಿ ಅಣ್ಣ? ನಂಗೆ ಎರಡು ವರ್ಷ ಇದ್ದಾಗ ನಮ್ಮಮ್ಮ ಹೋದ್ರು. ದೊಡ್ಡಮ್ಮ ಬಂದು ನನ್ನ ಎತ್ಕೊಂಡು ಹೋದ್ರು. ಎತ್ಕೊಂಡು ಹೋದದ್ದು ದೊಡ್ಡಮ್ಮ, ಹೊತ್ಕೊಂಡು ತಿರುಗಿದ್ದು ಅಕ್ಕ. ಆಗ ಅವಳಿಗೆ ಹನ್ನೊಂದು. ನನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ನೀರು ತರೋಳು, ಕಸ ಗುಡಿಸೋಳು. ಅವಳ ಸೊಂಟ ಇವತ್ತಿಗೂ ಒಂದು ಕಡೆ ವಾಲಿದೆ, ಅದು ನನ್ನ ಭಾರಕ್ಕೆ. ನಂಗೆ ಜ್ವರ ಬಂದ್ರೆ ಅವಳು ಸ್ಕೂಲಿಗೆ ಹೋಗ್ತಿರಲಿಲ್ಲ. ನಂಗೆ ಎಷ್ಟು ಸಲ ಜ್ವರ ಬಂತೋ, ಕೊನೆಗೆ ಅವಳ ಹೆಸರೇ ತೆಗೆದು ಹಾಕಿದ್ರು. ನನ್ನ ತಲೆಯಲ್ಲಿ ಹೇನು ಹೆಕ್ಕಿದವಳು ಅವಳು. ನಾನು ದೊಡ್ಡವಳಾದಾಗ ಹೆದರಬೇಡ ಅಂತ ಪಕ್ಕದಲ್ಲಿ ಮಲಗಿದವಳು ಅವಳು. ಅವಳನ್ನ ಅಕ್ಕ ಅನ್ನದೆ ಏನನ್ಲಿ? ದೊಡ್ಡಮ್ಮನ ಮಗಳು ಅಂತ ನಾನು ಹುಟ್ಟಿದಮೇಲೆ ಒಂದು ದಿನಾನೂ ಕರೆದಿಲ್ಲ, ಬೇರೆಯವರು ಕರೆದದ್ದೂ ಕೇಳಿಲ್ಲ. ಸ್ವಂತ ಅಂದ್ರೆ ನಿಮ್ಮ ಫಾರಂನಲ್ಲಿ ಏನರ್ಥ ಅಂತ ಆವತ್ತು ನೀವು ಬಿಡಿಸಿ ಕೇಳಿದ್ದಿದ್ರೆ ನಾನೂ ಬಿಡಿಸಿ ಹೇಳ್ತಿದ್ದೆ. ನೀವು ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಕೊಂಡು ಕೇಳಿದ್ರಿ, ನಾನು ಮನೆಗೆ ಹೊತ್ತಾಯ್ತು ಅಂತ ಬಾಯಿಗೆ ಬಂದದ್ದು ಹೇಳ್ದೆ. ನಮ್ಮಿಬ್ಬರ ಅವಸರಕ್ಕೆ ಅಲ್ಲಿ ಅವಳ ಕಣ್ಣು ಹೋಗ್ತಾ ಇದೆ ಅಣ್ಣ.”

ಇಸ್ತ್ರಿಯಮ್ಮ ಇಷ್ಟು ಉದ್ದಕ್ಕೆ ಮಾತಾಡಿದ್ದನ್ನು ಫಾರಂ ಅಣ್ಣ ಅದೇ ಮೊದಲು ಕೇಳಿದ್ದು. ಅವನ ಅಂಗಡಿ ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗಿತ್ತು. ಒಳಗೆ ನಿಂತರೆ ತಲೆ ತಾಗುತ್ತದೆ, ಕೂತರೆ ಮಂಡಿ ತಾಗುತ್ತದೆ. ಒಂದು ನಕಲು ತೆಗೆಯುವ ಯಂತ್ರ, ಫೋಟೋ ತೆಗೆಯಲು ಗೋಡೆಗೆ ಮೊಳೆ ಹೊಡೆದ ಬಿಳಿ ಬಟ್ಟೆ, ಬಿಸಿಯಾದ ಕಾಗದದ ವಾಸನೆ. ಹೊರದೇಶದಿಂದ ಬಂದು ಇಲ್ಲಿ ದುಡಿಯುವವರ ಅರ್ಜಿಗಳನ್ನು ಈ ದೇಶದ ಭಾಷೆಯಲ್ಲಿ ತುಂಬಿಕೊಡುವುದು ಅವನ ಕಸುಬು. ಮಾತಿಗೆ ಮೊದಲು ತಮಾಷೆ ಮಾಡುವ ಮನುಷ್ಯ, ಆವತ್ತು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟ.

ಆಮೇಲೆ ಹೇಳಿದ, “ಅಲ್ಲಮ್ಮಾ, ಆವತ್ತು ನೀವು ಬರೀ ಹೌದು ಅನ್ಲಿಲ್ಲ. ಸ್ವಂತ ಅಕ್ಕನಾ ಅಂತ ನಾನು ಕೇಳಿದ್ದಕ್ಕೆ, ಇನ್ನೇನು ಬಾಡಿಗೆಗೆ ತಂದ ಅಕ್ಕನಾ ಅಂತ ನನ್ನ ಮುಖಕ್ಕೇ ಹೊಡೆದ ಹಾಗೆ ಅಂದ್ರಿ. ಸಾಲಲ್ಲಿ ನಿಂತವರೆಲ್ಲ ನಕ್ರು. ನಾನೂ ನಕ್ಕು ಬರೆದುಬಿಟ್ಟೆ.”

ಅದು ನಿಜ. ಅಕ್ಕನ ವೀಸಾದ ಮೊದಲನೇ ಅರ್ಜಿ ಕೆಟ್ಟದ್ದು ಆ ನಗೆಯಿಂದ.

ಇಸ್ತ್ರಿಯಮ್ಮನಿಗೆ ಇಸ್ತ್ರಿಯಮ್ಮ ಅಂತ ಹೆಸರು ಬಿದ್ದದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ವಾರ್ಡುಗಳ ಹಾಸಿಗೆ ಬಟ್ಟೆಯೆಲ್ಲ ಒಗೆದು ಹಿಂಡಿ ಬಂದಮೇಲೆ ಒಂದು ಉದ್ದನೆಯ ಬಿಸಿ ಉರುಳೆಯೊಳಗೆ ಹೋಗುತ್ತದೆ. ಈಚೆ ಒಬ್ಬಳು ಒದ್ದೆ ಬಟ್ಟೆಯನ್ನು ಸುಕ್ಕಿಲ್ಲದ ಹಾಗೆ ಒಳಗೆ ಬಿಡಬೇಕು, ಆಚೆ ಇಬ್ಬರು ಹೊರಬಂದ ಬಿಸಿ ಬಟ್ಟೆಯ ಮೂಲೆ ಹಿಡಿದು ಮಡಚಬೇಕು. ಹದಿನಾರು ವರ್ಷದಿಂದ ಒಳಗೆ ಬಿಡುವ ಜಾಗ ಇವಳದ್ದು. ಬೆರಳು ಉರುಳೆಯ ಹತ್ತಿರ ಹೋಗಬಾರದು, ಬಟ್ಟೆ ಓರೆಯಾಗಬಾರದು. ಮೊಣಕೈಯಿಂದ ಕೆಳಗೆ ಸುಟ್ಟ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇವೆ. ಹರಿದ ಅಂಗಿಗಳಿಗೆ ಗುಂಡಿ ಹಾಕುವ ಹೆಂಗಸು ಪಕ್ಕದ ಮೇಜಿನಲ್ಲಿ ಕೂತಿರುತ್ತಾಳೆ. ಅವಳಿಗೆ ಬಾಯಿ ಜೋರು, ಕಣ್ಣಲ್ಲಿ ನೀರು ಬೇಗ.

ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಎಡಗೈ ಲೇಸಿನವರೆಗೆ ಹೋಗಲಿಲ್ಲ. ಅಷ್ಟೇ. ಆವತ್ತಿನಿಂದ ಎಡಭಾಗ ಇದ್ದೂ ಇಲ್ಲ. ಮಾತು ಬರುತ್ತದೆ, ಆದರೆ ಎಳೆದು ಎಳೆದು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಲಾಂಡ್ರಿಯಿಂದ ಮನೆಗೆ ಎಂಟು ನಿಮಿಷದ ನಡಿಗೆ. ಬೆಳಗಿನ ಬಿಡುವಿನಲ್ಲಿ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ ಓಡಿ ಬಂದು ತಿರುಗಿಸಿ ಹೋಗುತ್ತಾಳೆ. ಮಕ್ಕಳಿಲ್ಲ. ಅವನನ್ನು ಬಿಟ್ಟು ಒಂದು ರಾತ್ರಿ ಹೊರಗಿರುವ ಹಾಗಿಲ್ಲ.

ಅಕ್ಕ ಇರುವುದು ಹುಟ್ಟಿದ ದೇಶದಲ್ಲಿ, ಮಗ ಸೊಸೆಯ ಜೊತೆ. ಇಬ್ಬರೂ ಮುಖಾಮುಖಿ ನೋಡಿ ಹದಿನೆಂಟು ವರ್ಷವಾಗಿತ್ತು. ಅಕ್ಕನ ಕಣ್ಣಿನ ಒಳಗೆ ಒತ್ತಡ ಏರಿ ನರ ಸಾಯುತ್ತಾ ಬಂದಿದೆ ಅಂತ ಡಾಕ್ಟರು ಹೇಳಿದ್ದರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಔಷಧಿಯ ಹನಿ ಹಾಕಿ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಎಳೆಯಬಹುದು. ಸುತ್ತಲೂ ಕತ್ತಲೆ, ನಡುವೆ ಒಂದು ಕೊಳವೆಯಷ್ಟು ಬೆಳಕು. ಮೊಬೈಲಿನಲ್ಲಿ ಮುಖ ತೋರಿಸಿದರೆ ಅಕ್ಕ ಹೇಳುತ್ತಿದ್ದಳು, “ಮೂಗು ಕಂಡ್ರೆ ಬಾಯಿ ಕಾಣಲ್ಲ ಕೂಸೇ, ಬಾಯಿ ಕಂಡ್ರೆ ಕಣ್ಣು ಕಾಣಲ್ಲ. ನಿನ್ನ ಒಂದೊಂದೇ ಚೂರು ಜೋಡಿಸ್ಕೋಬೇಕು. ಎದುರಿಗೆ ಬಂದ್ರೆ ಕೈಯಲ್ಲಿ ಹಿಡಿದು ನೋಡ್ತೀನಿ.”

ಇವಳು ಹೋಗುವ ಹಾಗಿಲ್ಲ, ಅವಳು ಕಾಯುವ ಹಾಗಿಲ್ಲ. ಹಾಗಾಗಿ ಅಕ್ಕನಿಗೆ ಒಂದು ತಿಂಗಳ ವೀಸಾ.

ಮೊದಲನೇ ಸಲ ಸಂಬಂಧ ಅನ್ನುವ ಜಾಗದಲ್ಲಿ ಫಾರಂ ಅಣ್ಣ ಒಡಹುಟ್ಟಿದವಳು ಅಂತ ಬರೆದ. ಈ ದೇಶದ ಭಾಷೆಯಲ್ಲಿ ಅಕ್ಕ ಅನ್ನುವುದಕ್ಕೆ ಅದೊಂದೇ ಪದ. ಆದರೆ ಅಕ್ಕನ ಪಾಸ್‌ಪೋರ್ಟಿನಲ್ಲಿ ಅಪ್ಪ ಅಮ್ಮನ ಹೆಸರು ಬೇರೆ, ಇವಳದರಲ್ಲಿ ಬೇರೆ. ಎರಡು ತಿಂಗಳಿಗೆ ಒಂದು ಹಾಳೆ ಬಂತು. ಸಂಬಂಧದ ವಿಷಯದಲ್ಲಿ ಸುಳ್ಳು ಹೇಳಲಾಗಿದೆ, ಅರ್ಜಿ ತಿರಸ್ಕರಿಸಲಾಗಿದೆ.

ಎರಡನೇ ಸಲ ತಾಯಿಯ ಅಕ್ಕನ ಮಗಳು ಅಂತ ಬರೆದರು. ಮತ್ತೆ ಒಂದು ಹಾಳೆ. ಹೋದ ಸಲ ಒಡಹುಟ್ಟಿದವಳು ಅಂದಿದ್ದೀರಿ, ಈ ಸಲ ಬೇರೆ ಹೇಳುತ್ತಿದ್ದೀರಿ, ನಿಮ್ಮ ಯಾವ ಮಾತನ್ನೂ ನಂಬಲಾಗುವುದಿಲ್ಲ.

“ನಮ್ಮತ್ತೆ ಹೀಗೇ,” ಅಂದಳು ಗುಂಡಿ ಹಾಕುವವಳು. “ಉಪ್ಪು ಹಾಕಿದ್ರೆ ಜಾಸ್ತಿ ಆಯ್ತು ಅನ್ನೋಳು, ಮಾರನೇ ದಿನ ಕಮ್ಮಿ ಹಾಕಿದ್ರೆ ನಿನ್ನೆ ಹಾಕಿದ್ದವಳಿಗೆ ಇವತ್ತೇನು ರೋಗ ಅನ್ನೋಳು. ಆದ್ರೆ ನಮ್ಮತ್ತೆ ಒಂದಿನ ಸತ್ತಳು. ಆಫೀಸು ಸಾಯಲ್ವಲ್ಲ.”

ಎಲ್ಲರೂ ನಕ್ಕರು. ಇಸ್ತ್ರಿಯಮ್ಮನೂ ನಕ್ಕಳು, ಬಟ್ಟೆ ಓರೆಯಾಯಿತು, ಎಳೆದು ಸರಿ ಮಾಡಿದಳು.

ಎರಡು ಹಾಳೆಗೆ ಹತ್ತು ತಿಂಗಳು ಹೋಗಿತ್ತು. ಅದಕ್ಕೇ ಮೂರನೇ ಸಲ ಫಾರಂ ಅಣ್ಣನ ಮೆಟ್ಟಿಲ ಕೆಳಗೆ ಕೂತು ಅಷ್ಟೆಲ್ಲ ಮಾತಾಡಿದ್ದು.

ಫಾರಂ ಅಣ್ಣ ದನಿ ತಗ್ಗಿಸಿದ. “ಒಂದು ದಾರಿ ಇದೆ. ನಿಮ್ಮ ದೊಡ್ಡಮ್ಮ ನಿಮ್ಮನ್ನ ದತ್ತು ತಗೊಂಡಿದ್ರು ಅಂತ ಹಳೇ ತಾರೀಕಿಗೆ ಒಂದು ಪತ್ರ ಮಾಡಿಸೋದು. ಆಗ ಅಕ್ಕ ಕಾನೂನಿಗೂ ಅಕ್ಕ. ಮಾಡಿಕೊಡೋರು ನಂಗೆ ಗೊತ್ತು.”

“ದತ್ತು ತಗೊಂಡಿದ್ದು ನಿಜ, ಪತ್ರ ಸುಳ್ಳು. ನಿಜಕ್ಕೆ ಸುಳ್ಳು ಪತ್ರ ಮಾಡಿಸಿ ಸಿಕ್ಕಿಬಿದ್ರೆ?”

“ಸಿಕ್ಕಿಬಿದ್ರೆ ಜನ್ಮದಲ್ಲಿ ವೀಸಾ ಇಲ್ಲ. ನಿಮ್ಮನ್ನೂ ಇಲ್ಲಿಂದ ಕಳಿಸಬಹುದು.”

“ನನ್ನ ಕಳಿಸಿದ್ರೆ ಅವರನ್ನ ತಿರುಗಿಸೋರು ಯಾರು?” ಅಂದಳು. ಅವರು ಅಂದರೆ ಗಂಡ. “ಬೇಡ ಅಣ್ಣ.”

“ನನ್ನನ್ನೂ ಅಣ್ಣ ಅಂತೀರಿ. ನಾಳೆ ಯಾರಾದ್ರೂ ಕೇಳಿದ್ರೆ ಒಡಹುಟ್ಟಿದವನು ಅಂತ ಬರೆಸಿಬಿಡ್ತೀರಿ ನೀವು,” ಅಂತ ಗೊಣಗಿ, ಅವನು ಹೊಸ ಹಾಳೆ ತೆಗೆದ. “ಹಾಗಾದ್ರೆ ನೇರ ಹೋಗೋಣ. ವಿವರಣೆ ಪತ್ರ. ಹೋದ ಸಲ ಒಡಹುಟ್ಟಿದವಳು ಅಂದದ್ದು ತಪ್ಪು, ನಮ್ಮ ಭಾಷೆಯಲ್ಲಿ ದೊಡ್ಡಮ್ಮನ ಮಗಳಿಗೂ ಅಕ್ಕ ಅಂತಾರೆ, ಅದರಿಂದ ಆದ ಗೊಂದಲ. ಇವರು ನನ್ನ ಒಡಹುಟ್ಟಿದವರಲ್ಲ. ಕೆಳಗೆ ನಿಮ್ಮ ಸಹಿ. ಇದೇ ಪತ್ರ ಅವರ ಕಡೆಯಿಂದ ಒಂದು, ನಾನು ಆಕೆಯ ಒಡಹುಟ್ಟಿದವಳಲ್ಲ ಅಂತ. ಅದಕ್ಕೆ ಅವರ ಸಹಿ.”

“ಅವಳದ್ದೂ ಬೇಕಾ?”

“ಇಬ್ಬರ ಬಾಯಲ್ಲೂ ಒಂದೇ ಮಾತು ಬರಬೇಕು. ಕಾಗದ ತಾನೇ ಅಮ್ಮಾ.”

ಅವನು ಅಕ್ಕನ ಪತ್ರವನ್ನು ಎರಡು ಭಾಷೆಯಲ್ಲಿ ತಯಾರು ಮಾಡಿದ. ಈ ದೇಶದ ಭಾಷೆಯಲ್ಲಿ ಮೇಲೆ, ಅದರ ಕೆಳಗೆ ಕನ್ನಡ, ಸಹಿ ಹಾಕುವವರಿಗೆ ಅರ್ಥವಾಗಿದೆ ಅಂತ ತೋರಿಸಲು. ಕನ್ನಡದಲ್ಲಿ ಒಡಹುಟ್ಟಿದವಳು ಅನ್ನುವುದು ಉದ್ದವಾಯಿತು ಅಂತಲೋ ಏನೋ, ಜಾಗ ಉಳಿಸಲು ಅವನು ಬರೆದದ್ದು ನಾಲ್ಕೇ ಪದ, ನಾನು ಅವಳ ಅಕ್ಕ ಅಲ್ಲ. ಇಸ್ತ್ರಿಯಮ್ಮ ಆ ಸಾಲನ್ನು ಬೆರಳಿಟ್ಟು ಎಣಿಸಿ ಎಣಿಸಿ ಓದಿದಳು. ಬೇರೆ ಥರ ಬರೆಯಿರಿ ಅನ್ನಬೇಕು ಅನ್ನಿಸಿತು. ಹಿಂದೆ ಸಾಲು ಬೆಳೆದಿತ್ತು, ಗಂಡನ ಮಗ್ಗುಲು ಬದಲಾಯಿಸುವ ಹೊತ್ತಾಗಿತ್ತು. ಅನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಫೋನು ಮಾಡಿದಳು. ಆ ಕಡೆ ಅಕ್ಕನ ಸೊಸೆ ಮೊಬೈಲನ್ನು ಅತ್ತೆಯ ಕಿವಿಗೆ ಹಿಡಿದಿದ್ದಳು. ಪತ್ರ ಅವಳ ಮೊಬೈಲಿಗೇ ಹೋಗಿತ್ತು, ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದು ಮೇಜಿನ ಮೇಲೆ ಇಟ್ಟಿದ್ದಳು.

“ಏನೋ ಸಹಿ ಅಂತೆ, ಇವಳು ಹೇಳಿದ್ಲು,” ಅಂದಳು ಅಕ್ಕ. “ಹಾಕ್ತೀನಿ ಬಿಡು. ಅದರಲ್ಲೇನಿದೆ?”

“ಸುಮ್ಮನೆ ಕಾಗದ ಅಕ್ಕ. ಅವರಿಗೆ ಬೇಕಂತೆ.”

“ಏನಿದೆ ಅಂತ ಓದು.”

“ನಿಂಗ್ಯಾಕೆ ಅದೆಲ್ಲ.”

“ಓದದೆ ಸಹಿ ಹಾಕಬೇಡ ಅಂತ ನಿಂಗೆ ಕಲಿಸಿದ್ದೇ ನಾನು. ಓದೇ.”

ಇಸ್ತ್ರಿಯಮ್ಮ ಓದಿದಳು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟಿನ ಸಂಖ್ಯೆ ಎಲ್ಲ ಸರಾಗವಾಗಿ ಓದಿದಳು. ಆ ಸಾಲಿಗೆ ಬಂದಾಗ ಕೆಮ್ಮಿ, ವೇಗವಾಗಿ ಓದಿ ಮುಂದೆ ಹೋದಳು.

“ನಿಲ್ಲು. ಹಿಂದಿನದು ಇನ್ನೊಂದ್ಸಲ ಓದು.”

ಓದಿದಳು.

ಆ ಕಡೆ ಸೊಸೆ ಮೆಲ್ಲಗೆ “ಅತ್ತೆ?” ಅಂದದ್ದು ಕೇಳಿಸಿತು.

“ನಾನು ಅಲ್ಲಿಗೆ ಬರಬೇಕಾದ್ರೆ ನಿನ್ನ ಅಕ್ಕ ಅಲ್ಲ ಅನ್ನಬೇಕಾ?”

“ಕಾಗದದಲ್ಲಿ ಮಾತ್ರ ಅಕ್ಕ.”

“ನೀನು ಆಗಲೇ ಬರೆದುಕೊಟ್ಟಿದ್ದೀಯಾ?”

“ಕೊಟ್ಟೆ.”

“ಹ್ಞೂಂ. ಹಾಗಾದ್ರೆ ನಾನೊಬ್ಬಳು ಯಾಕೆ ಹಟ ಮಾಡಲಿ. ಎಲ್ಲಿ ಹಾಕಬೇಕು ತೋರಿಸೇ,” ಅಂದದ್ದು ಸೊಸೆಗೆ. ಬೆರಳು ಹಿಡಿದು ಜಾಗ ತೋರಿಸಿದ್ದು, ಪೆನ್ನು ಕಾಗದದ ಮೇಲೆ ಕೆರೆದದ್ದು, “ಅತ್ತೆ ಮೇಜಿನ ಮೇಲೆ ಹೋಯ್ತು, ಇತ್ತಿತ್ತ ಬನ್ನಿ,” ಅಂದದ್ದು ಎಲ್ಲ ಕೇಳಿಸಿತು. ಸಹಿ ಮುಗಿದಮೇಲೆ ಅಕ್ಕ ಫೋನಿಗೆ ಬರಲಿಲ್ಲ. ಕಣ್ಣಿಗೆ ಹನಿ ಹಾಕುವ ಹೊತ್ತಾಯಿತು ಅಂತ ಸೊಸೆ ಹೇಳಿದಳು.

ಗಂಡ ಹಾಸಿಗೆಯಿಂದ ಎಲ್ಲ ಕೇಳುತ್ತಿದ್ದ. “ನನ್ನ… ಎಲ್ಲಾದ್ರೂ… ಸೇರಿಸು. ನೀನು… ಹೋಗಿ ಬಾ,” ಅಂದ.

“ಎಲ್ಲಿ ಸೇರಿಸ್ಲಿ? ಒಂದು ಕಡೆ ಮೂರು ದಿನ ಮಾತ್ರ ಇಟ್ಕೋತೀವಿ ಅಂದ್ರು, ಇನ್ನೊಂದು ಕಡೆ ಜಾಗ ಇಲ್ಲ ಅಂದ್ರು. ನಿಮ್ಮನ್ನ ಮಡಚಿ ಕಪಾಟಿನಲ್ಲಿ ಇಟ್ಟು ಹೋಗ್ಲಾ?”

“ಇಸ್ತ್ರಿ… ಮಾಡಿ… ಇಡು,” ಅಂದ ಅವನು. ಬಾಯಿಯ ಬಲಭಾಗ ನಕ್ಕಿತು. ಅವಳಿಗೆ ನಗು ಬರಲಿಲ್ಲ, ಅವನಿಗೋಸ್ಕರ ಸ್ವಲ್ಪ ತುಟಿ ಬಿಚ್ಚಿದಳು.

ಅರ್ಜಿ ಹೋಯಿತು. ಲಾಂಡ್ರಿಯ ಮೇಲ್ವಿಚಾರಕರ ಪತ್ರ, ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು, ಗಂಡನ ಕಾಯಿಲೆಯ ಸರ್ಟಿಫಿಕೇಟು, ಅಕ್ಕನ ಕಣ್ಣಿನ ಡಾಕ್ಟರ ಚೀಟಿ, ವಾಪಸ್ ಹೋಗಲು ಅಲ್ಲಿ ಮಗ ಮೊಮ್ಮಕ್ಕಳಿದ್ದಾರೆ ಅಂತ ತೋರಿಸುವ ಫೋಟೋಗಳು. ಈ ಹಿಂದೆ ನಿರಾಕರಿಸಲಾಗಿದೆಯೇ ಅನ್ನುವ ಪ್ರಶ್ನೆಗೆ ಹೌದು ಅಂತ ಗುರುತು ಹಾಕಿ, ಎರಡು ಸಲ ಅಂತ ಬರೆದು, ಎರಡು ಹಾಳೆಗಳ ನಕಲೂ ಹಚ್ಚಿದರು. ಬೆರಳಚ್ಚು ಕೊಡಲು ಅಕ್ಕ ಆರು ತಾಸು ಬಸ್ಸಿನಲ್ಲಿ ಹೋದಳು. ಪಾತ್ರೆ ಉಜ್ಜಿ ಉಜ್ಜಿ ಸವೆದ ಬೆರಳು ಯಂತ್ರಕ್ಕೆ ಹತ್ತಲಿಲ್ಲವಂತೆ. ನಾಲ್ಕು ಸಲ ಒರೆಸಿ ಒತ್ತಿಸಿದರಂತೆ. ಅಲ್ಲಿಯ ಹುಡುಗಿ, “ಅಜ್ಜಿ, ಅಲ್ಲಿ ಯಾರಿದ್ದಾರೆ ನಿಮಗೆ?” ಅಂತ ಸುಮ್ಮನೆ ಮಾತಿಗೆ ಕೇಳಿದಳಂತೆ. ಅಕ್ಕ ಬಾಯಿ ತೆರೆದು ಹಾಗೇ ಮುಚ್ಚಿದಳಂತೆ. ಕಾಗದದಲ್ಲಿ ಇದೆ ನೋಡಮ್ಮ ಅಂದಳಂತೆ. ಇದನ್ನು ಹೇಳಿದ್ದು ಜೊತೆಗೆ ಹೋಗಿದ್ದ ಸೊಸೆ. ಅಕ್ಕ ಹೇಳಲಿಲ್ಲ.

ಅಕ್ಕ ಈಗ ಫೋನಿನಲ್ಲಿ ಮಾತು ಕಡಿಮೆ ಮಾಡಿದ್ದಳು. ಮುನಿಸೇನಿಲ್ಲ. ಊಟ ಆಯ್ತಾ, ಅವರು ಹೇಗಿದ್ದಾರೆ, ಕೈ ಸುಟ್ಟುಕೋಬೇಡ. ಆದರೆ ಮೊದಲು ಮಾತಿಗೊಮ್ಮೆ, ನಿಮ್ಮಕ್ಕನ ಮಾತು ಕೇಳು, ಅಕ್ಕ ಹೇಳ್ತಿದ್ದೀನಿ ಕೇಳು ಅನ್ನುತ್ತಿದ್ದವಳು ಈಗ ನನ್ನ ಮಾತು ಕೇಳು ಅನ್ನುತ್ತಿದ್ದಳು. ಬೇರೆಯವರಿಗೆ ಗೊತ್ತಾಗುವ ವ್ಯತ್ಯಾಸ ಅಲ್ಲ. ಇಸ್ತ್ರಿಯಮ್ಮನಿಗೆ ಗೊತ್ತಾಯಿತು. ಬಂದಮೇಲೆ ಸರಿಹೋಗುತ್ತೆ, ಎದುರಿಗೆ ಕೂತು ತಲೆಗೆ ಎಣ್ಣೆ ಹಚ್ಚುವಾಗ ಸರಿಹೋಗುತ್ತೆ ಅಂದುಕೊಂಡಳು. ಅಕ್ಕನಿಗೆ ಅಂತ ಒಂದು ಮಂಚ ನೋಡಿಟ್ಟಳು. ಬಚ್ಚಲಿನ ಹೊಸ್ತಿಲು ಎಡವಿಯಾಳು ಅಂತ ಅದಕ್ಕೆ ಅಗಲವಾದ ಹಳದಿ ಟೇಪು ಅಂಟಿಸಿದಳು, ಕೊಳವೆಯಷ್ಟು ಬೆಳಕಿನಲ್ಲೂ ಕಾಣಲಿ ಅಂತ.

ಏಳು ವಾರಕ್ಕೆ ಉತ್ತರ ಬಂತು. ಊಟದ ಬಿಡುವಿನಲ್ಲಿ ಫಾರಂ ಅಣ್ಣನ ಅಂಗಡಿಗೆ ಓಡಿದಳು. ಗುಂಡಿ ಹಾಕುವವಳು, “ನಿನ್ನ ಗಂಡನ ಮಗ್ಗುಲು ನಾನು ನೋಡ್ಕೋತೀನಿ, ನಡಿ,” ಅಂತ ಬೀಗದ ಕೈ ಕಿತ್ತುಕೊಂಡಿದ್ದಳು. ಫಾರಂ ಅಣ್ಣ ಹಾಳೆಯನ್ನು ಮೊದಲು ತಾನೇ ಓದಿದ. ಓದಿ ಮುಗಿದಮೇಲೂ ಓದುತ್ತಲೇ ಇದ್ದ.

“ಹೇಳಿ ಅಣ್ಣ.”

“ಕೂತ್ಕೊಳ್ಳಿ.”

“ನಿಂತೇ ಕೇಳ್ತೀನಿ. ಹೇಳಿ.”

ಅವನು ಒಂದೊಂದೇ ಸಾಲು ಕನ್ನಡಕ್ಕೆ ತಂದು ಹೇಳಿದ. “ಅರ್ಜಿದಾರರು ತಮ್ಮನ್ನು ಕರೆಸಿಕೊಳ್ಳುವವರ ಒಡಹುಟ್ಟಿದವರಲ್ಲ ಅಂತ ತಾವೇ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಹಿಂದಿನ ಅರ್ಜಿಗಳ ಗೊಂದಲದ ವಿವರಣೆಯನ್ನು ಸ್ವೀಕರಿಸಲಾಗಿದೆ. ಆದರೆ ಇಷ್ಟು ದೂರದ ನಂಟಸ್ತಿಕೆಯ ಒಬ್ಬರನ್ನು ನೋಡಲು, ದೃಷ್ಟಿ ಕ್ಷೀಣಿಸಿರುವ ವಯಸ್ಸಾದವರು ಇಷ್ಟು ದೂರ ಪ್ರಯಾಣ ಮಾಡುತ್ತಾರೆ ಅನ್ನುವುದು ನಂಬುವಂತಿಲ್ಲ. ಭೇಟಿಯ ನಿಜವಾದ ಉದ್ದೇಶ ಬೇರೆ ಇರಬಹುದು. ಮೂರನೇ ನಿರಾಕರಣೆಯಾದ್ದರಿಂದ ಇನ್ನು ಎರಡು ವರ್ಷ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ.”

ನಕಲು ಯಂತ್ರ ಯಾರದ್ದೋ ಹಾಳೆಗಳನ್ನು ಒಂದಾದಮೇಲೊಂದು ಉಗುಳುತ್ತಿತ್ತು. ಇಸ್ತ್ರಿಯಮ್ಮ ಅದನ್ನೇ ನೋಡಿದಳು.

“ಅಕ್ಕ ಅಂದಾಗ ಅಲ್ಲ ಅಂದ್ರು. ಅಲ್ಲ ಅಂದಾಗ, ಅಲ್ಲದಿದ್ದಮೇಲೆ ಯಾಕೆ ಬರ್ತಾಳೆ ಅಂದ್ರು,” ಅಂದಳು.

“ನಾನು ಆ ಸಾಲು ಬೇರೆ ಥರ ಬರೀಬೇಕಿತ್ತು. ಸಾಕಿ ಬೆಳೆಸಿದವಳು ಅಂತ ಒಂದು ಮಾತು ಸೇರಿಸಬೇಕಿತ್ತು. ಗೊಂದಲ ಬಿಡಿಸೋದರಲ್ಲೇ ಇದ್ದೆ, ಅದು ಹೊಳೀಲೇ ಇಲ್ಲ.”

ಅವಳು ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಹಾಳೆಯನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅವತ್ತು ಮಧ್ಯಾಹ್ನ ನೂರ ಎಂಬತ್ತು ಹಾಸಿಗೆ ಬಟ್ಟೆ ಹೋಯಿತು. ಒಂದೂ ಓರೆಯಾಗಲಿಲ್ಲ ಅಂತ ಗುಂಡಿ ಹಾಕುವವಳು ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು, ಅದನ್ನು ನೋಡೋಕೇ ಭಯವಾಯಿತು ಅಂತ.

ಸಂಜೆ ಫೋನು ಮಾಡಿದಳು. ಸೊಸೆ ಎತ್ತಿದಳು, ದನಿಯಲ್ಲೇ ತಿಳಿದುಕೊಂಡು ಏನೂ ಕೇಳದೆ ಅತ್ತೆಗೆ ಕೊಟ್ಟಳು.

“ಇಲ್ಲ ಅಂದ್ರಾ?” ಅಂದಳು ಅಕ್ಕ.

“ಇಲ್ಲ ಅಂದ್ರು.”

“ಈ ಸಲ ಏನಂತೆ?”

ಸುಳ್ಳು ಹೇಳೋಣ ಅಂದುಕೊಂಡಿದ್ದಳು, ಯಾವುದೋ ಕಾಗದ ಕಡಿಮೆ ಬಿತ್ತು ಅಂತ. ಆದರೆ ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಸಹಿ ಹಾಕಬಾರದಿತ್ತು,” ಅಂದಳು ಅಕ್ಕ. “ಹೇಗೂ ಕೊಡ್ತಿರಲಿಲ್ಲ. ಅಕ್ಕ ಆಗಿಯೇ ಬೇಡ ಅನ್ನಿಸ್ಕೋಬಹುದಿತ್ತು.”

“ನಾನೇ ಹಾಕಿಸಿದ್ದು ಅಕ್ಕ.”

“ನೀನು ಮೊದಲು ಹಾಕಿದೆ. ನಿನ್ನ ಹಿಂದೆ ನಾನು ಹಾಕಿದೆ.” ಸ್ವರದಲ್ಲಿ ಕೋಪ ಇರಲಿಲ್ಲ, ಅದೇ ಇವಳಿಗೆ ತಡೆಯಲಾಗಲಿಲ್ಲ. “ಬೆಳಿಗ್ಗೆ ಡಾಕ್ಟರ ಹತ್ರ ಹೋಗಿದ್ವಿ. ಬಲಗಣ್ಣು ಮುಗೀತು ಅಂದ್ರು. ಎಡಗಣ್ಣಲ್ಲಿ ಕಿಟಕಿ ಎಲ್ಲಿದೆ ಅಂತ ಗೊತ್ತಾಗತ್ತೆ. ಎರಡು ವರ್ಷ ಅಂದ್ರೆ… ಬಿಡು. ನಿನ್ನ ಕೂದಲು ಬೆಳ್ಳಗಾಗಿದ್ಯಾ?”

“ಮುಂದೆ ಎಲ್ಲ ಬೆಳ್ಳಗೆ.”

“ದಪ್ಪ ಆಗಿದ್ದೀಯಾ?”

“ಇಲ್ಲ. ಕೆನ್ನೆ ಒಳಗೆ ಹೋಗಿದೆ. ಹಲ್ಲು ಎರಡು ಕೀಳಿಸಿದ್ದಾರೆ.”

“ಅಯ್ಯೋ, ಸುಮ್ನಿರು, ಇಷ್ಟು ಸಾಕು,” ಅಂದಳು ಅಕ್ಕ. “ನಾನು ನೋಡಿದಾಗ ಹೇಗಿದ್ದೆಯೋ ಹಾಗೇ ಇಟ್ಕೋತೀನಿ. ಫೋನಿಡು ಕೂಸೇ, ಅವರಿಗೆ ಹೊತ್ತಾಗಿರತ್ತೆ.”

ಫೋನಿಟ್ಟಮೇಲೆ ಇಸ್ತ್ರಿಯಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಅಳು ಬರುತ್ತೆ ಅಂತ ಕಾದಳು. ಬರಲಿಲ್ಲ. ಒಳಗಿಂದ ಗಂಡ ಗಂಟಲು ಸರಿಮಾಡಿಕೊಂಡದ್ದು ಕೇಳಿ ಎದ್ದಳು. ಅವನ ಮೂರು ದಿನದ ಗಡ್ಡ ದಿಂಬಿಗೆ ಉಜ್ಜಿ ಕೆನ್ನೆ ಕೆಂಪಾಗಿತ್ತು.

ನೀರು ಬಿಸಿ ಮಾಡಿ ಬಟ್ಟಲಿಗೆ ಹಾಕಿಕೊಂಡು ಬಂದಳು. ಕತ್ತಿನ ಸುತ್ತ ಟವೆಲ್ಲು ಸಿಕ್ಕಿಸಿ, ಬ್ರಷ್ಷಿನಲ್ಲಿ ಸೋಪು ನೊರೆ ಮಾಡಿ ಎರಡೂ ಕೆನ್ನೆಗೆ ಹಚ್ಚಿದಳು. ಬಲಗೆನ್ನೆಯನ್ನು ಅವನೇ ಗಾಳಿ ತುಂಬಿ ಉಬ್ಬಿಸಿಕೊಟ್ಟ. ಎಡಗೆನ್ನೆ ಉಬ್ಬುವುದಿಲ್ಲ. ಕೈ ತೊಳೆದುಕೊಂಡು, ಬೆರಳನ್ನು ಅವನ ಬಾಯೊಳಗೆ ಹಾಕಿ ಕೆನ್ನೆಯನ್ನು ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರೇಜರನ್ನು ಮೇಲಿನಿಂದ ಕೆಳಕ್ಕೆ ಎಳೆದಳು.

“ಅಲ್ಲಾಡಬೇಡಿ,” ಅಂದಳು. ರೇಜರನ್ನು ಬಿಸಿನೀರಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ತಟ್ಟಿ, ಗದ್ದದ ಕೆಳಗೆ ಹೋದಳು.